ಮೂರು ದಶಾಂಶ ನಾಲ್ಕು ಐದು ಎರಡು ಎಂಟು

ಎಂಟನೇ ಆವೃತ್ತಿಗೆ ಎಲ್ಲ ಬಿಚ್ಚಿ ಕಟ್ಟೋಣ
ಅಂದವಳು ಸ್ಕಾಯ್ಸ್ತೆ.
ಅವಳಿಗೆ ಇಪ್ಪತ್ತಾರು, ನಮ್ಮ ಚೌಕಟ್ಟಿಗೆ ಹತ್ತೊಂಬತ್ತು.
ಕ್ಲಾಯ್ಪೆಡಾದ ಹಳೇ ಉಗ್ರಾಣ, ಎರಡನೇ ಮಹಡಿ.
ಕಿಟಕಿಯಾಚೆ ಬಂದರಿನ ಕ್ರೇನುಗಳು
ಮಂಜಿನಲ್ಲಿ ಕತ್ತು ಬಗ್ಗಿಸಿ
ಏನೋ ಬೀಳಿಸಿಕೊಂಡವರ ಹಾಗೆ ಹುಡುಕುತ್ತಿದ್ದವು.

ಬಿಚ್ಚುವುದು ಸುಲಭ ಅಂದುಕೊಂಡಿದ್ದೆ.
ಫಾರಂ ಬೇರೆ, ಪಟ್ಟಿ ಬೇರೆ, ಲಾಗಿನ್ ಬೇರೆ,
ಬಿಲ್ಲಿನ ಅಚ್ಚು ಬೇರೆ ಮಾಡಿ
ಹರವಿಕೊಂಡು ಕೂತರೆ
ಒಂದರ ಬಾಲ ಇನ್ನೊಂದರ ಹೊಟ್ಟೆಯೊಳಗೆ.
ತಾರೀಖು ತಿದ್ದಿದರೆ ತೆರಿಗೆ ಕೆಮ್ಮುತ್ತದೆ.
ಗುಂಡಿಯ ಬಣ್ಣ ಬದಲಿಸಿದರೆ
ಎಲ್ಲೋ ಒಂದು ಗೋದಾಮು ಕದ ಹಾಕಿಕೊಳ್ಳುತ್ತದೆ.

ಪುಕ್ಕಟೆ ಕೊಟ್ಟದ್ದಕ್ಕೆ ಇಷ್ಟು ದೂರೇ?
ಎಯ್ಮಾಂತಾಸ್ ಗೊಣಗುತ್ತಾನೆ.
ದಾನ ಕೊಟ್ಟ ಹಸುವಿನ ಹಲ್ಲು ಎಣಿಸುತ್ತಾರೆ, ಹೌದು.
ಎಣಿಸಲಿ ಮಾರಾಯ.
ಹಸು ಇರುವುದು ಅವರ ಕೊಟ್ಟಿಗೆಯಲ್ಲಿ,
ಅದು ಒದ್ದರೆ ಒದೆಯುವುದು ಅವರನ್ನೇ.

ನವೆಂಬರಿನಲ್ಲಿ ಸಿಕ್ಕಿತು ಆ ಸಂಖ್ಯೆ.
ತೀರ ತಳದ ಕಡತ, ನಾನೂರ ಹನ್ನೆರಡನೇ ಸಾಲು:
ಮೂರು ದಶಾಂಶ ನಾಲ್ಕು ಐದು ಎರಡು ಎಂಟು.
ಪಕ್ಕದಲ್ಲಿ ಗಿಂಟೌಟಾಸನ ಟಿಪ್ಪಣಿ:
ಮುಟ್ಟಬೇಡಿ. ಕಾರಣ ಆಮೇಲೆ ಬರೆಯುತ್ತೇನೆ.

ಆಮೇಲೆ ಎಂಬುದು ಬರಲೇ ಇಲ್ಲ.
ಗಿಂಟೌಟಾಸ್ ತೀರಿಕೊಂಡು ಆರು ವರ್ಷ.

ಏನಿದು, ಯಾವುದರ ಗುಟ್ಟು? ಕೇಳಿದಳು ಸ್ಕಾಯ್ಸ್ತೆ.
ಡಬ್ಲಿನ್ನಿನಲ್ಲಿ ಬೆಳೆದ ಹುಡುಗಿ, ಅವಳಿಗೆ ಹೇಗೆ ಗೊತ್ತಿರಬೇಕು?
ಪರ್ಸಿನ ಮೂಲೆಯಿಂದ ಒಂದು ಲಿಟಾಸ್ ನಾಣ್ಯ ತೆಗೆದು
ಮೇಜಿನ ಮೇಲಿಟ್ಟೆ, ಕುದುರೆ ಸವಾರ ಮೇಲೆ ಬರುವ ಹಾಗೆ.
ಇಂಥವು ಮೂರೂವರೆ ಕೊಟ್ಟರೆ ಒಂದು ಯೂರೋ;
ಮೂರೂವರೆಗೆ ಚೂರು ಕಮ್ಮಿ.
ಆ ಚೂರಿಗಾಗಿಯೇ ಇಷ್ಟುದ್ದ.

ಅವತ್ತು ಡಿಸೆಂಬರಿನ ಕೊನೆಯ ರಾತ್ರಿ. ಊರಿಗೆಲ್ಲ ಪಟಾಕಿ,
ನಮಗೆ ಮೀನುಡಬ್ಬಿ ಕಾರ್ಖಾನೆಯ ಲೆಕ್ಕದ ಕೋಣೆ.
ಹನ್ನೆರಡು ಹೊಡೆಯುವುದರೊಳಗೆ
ದೇಶದ ದುಡ್ಡಿಗೇ ಹೊಸ ಹೆಸರು.
ಲೆಕ್ಕಿಗಳು ಗೆನೊವೈಟೆ
ಹೊಗೆಮೀನು, ಕಪ್ಪು ಬ್ರೆಡ್ಡು ಬಿಚ್ಚಿ
ಕೀಬೋರ್ಡಿನ ಪಕ್ಕ ಇಟ್ಟಳು.
ಒಂದು ಸೆಂಟು ತಪ್ಪಿದರೂ ನನ್ನ ಸಂಬಳಕ್ಕೇ ಕತ್ತರಿ, ನೆನಪಿರಲಿ, ಅಂದಳು.
ಚೆಂದ ಮಾಡಲು ಹೊತ್ತೆಲ್ಲಿತ್ತು?
ಅವನು ಆ ಸಂಖ್ಯೆಯನ್ನು ತಂದು
ಬುಡದಲ್ಲೇ ಹೂತ,
ಪಾಯದ ಕಲ್ಲಿನಡಿ ಕಾಸು ಇಡುವ ಹಾಗೆ.

ಕಥೆ ಕೇಳಿದಳು. ನಾಣ್ಯ ತಿರುಗಿಸಿ ನೋಡಿದಳು.
ಹಾಗಾದರೆ ಇದು ಸತ್ತಿದೆ, ಅಳಿಸಲೇ?
ಅಳಿಸು, ಅಂದೆ.
ಪರೀಕ್ಷೆ ಎಲ್ಲ ಹಸಿರು. ಒಂದಾದರೂ ಕೆಂಪಾಗಲಿ
ಎಂದು ನಾನು ಕಾಯುತ್ತಿದ್ದೆನೋ ಏನೋ.

ಮೂರನೇ ದಿನಕ್ಕೆ ಪರಾಗ್ವೆಯಿಂದ ಕಾಗದ.
ಎನ್ಕಾರ್ನಾಸಿಯೋನ್ ಬಳಿಯ ಹಾಲಿನ ಸಹಕಾರ ಸಂಘ,
ಬರೆದವಳು ನಿಲ್ಡಾ ಬೆನಿಟೆಸ್:
ನಿಮ್ಮ ಹೊಸದರಲ್ಲಿ ನಮ್ಮ ಕ್ಯಾನುಗಳು
ಲೀಟರು ಆಗುತ್ತಿಲ್ಲ.
ಇನ್ನೂರು ಮನೆಗಳ ಬಟವಾಡೆ ನಿಂತಿದೆ.
ನಾಳೆ ಶುಕ್ರವಾರ.

ನೋಡಿದರೆ, ನಾವು ಮರೆತ ಗೂಡಿನಲ್ಲಿ
ಅವರು ಸಂಸಾರ ಹೂಡಿದ್ದರು.
ನಮ್ಮ ನಾಣ್ಯ ಸರಿಸಿ
ಒಂದು ಕ್ಯಾನಿಗೆ ಎಷ್ಟು ಲೀಟರು ಎಂಬುದನ್ನು
ಅಲ್ಲಿ ಕೂರಿಸಿ ಏಳು ವರ್ಷ.
ಯಾರನ್ನೂ ಕೇಳಿರಲಿಲ್ಲ. ಯಾಕೆ ಕೇಳಬೇಕು?
ಬಾಗಿಲಿಗೆ ಬೀಗ ಬೇಡ ಅಂದವರು ನಾವೇ.

ಆ ರಾತ್ರಿ ಕೊನೆಯ ದೋಣಿ ಸ್ಮಿಲ್ಟಿನೇಗೆ ಹೋಗುವಾಗ
ನಾವಿನ್ನೂ ಮೇಜಿನ ಮುಂದೆ.
ಸಂಖ್ಯೆ ತೆಗೆದೆವು, ಗೂಡು ಉಳಿಸಿದೆವು.
ಖಾಲಿ ಗೂಡು, ಬೇಕಾದವರು ತುಂಬಿಕೊಳ್ಳಲಿ.
ಅದಕ್ಕೆ ಗಿಂಟೌಟಾಸನ ಹೆಸರಿಡೋಣ ಅಂದಳು ಸ್ಕಾಯ್ಸ್ತೆ.
ಬೇಡ, ಬೈಯುತ್ತಿದ್ದ.
ಗುಣಕ ಅಂತ ಇಡು, ಸಾಕು.
ಅದರ ಪಕ್ಕ, ಅವನು ಬರೆಯಬೇಕಿದ್ದ ಕಾರಣ
ನಾನು ಬರೆದೆ: ಮೀನು, ಬ್ರೆಡ್ಡು, ಪಟಾಕಿ ಬಿಟ್ಟು
ನಾಲ್ಕೇ ಸಾಲು.

ನಿಲ್ಡಾ ಒಂದೇ ಪದ ಬರೆದಳು, ಗ್ವಾರಾನಿಯಲ್ಲಿ.
ಧನ್ಯವಾದ ಇರಬೇಕು, ನಾವು ನೋಡಲು ಹೋಗಲಿಲ್ಲ.
ನೂರ ಹದಿನೇಳು ದೂರು ಇನ್ನೂ ತೆರೆದೇ ಇವೆ.

ನಾಣ್ಯವನ್ನು ಸ್ಕಾಯ್ಸ್ತೆ ವಾಪಸು ಕೊಟ್ಟಿಲ್ಲ.
ನಾನೂ ಕೇಳಿಲ್ಲ.